ದೋಣಿ ಇಲ್ಲದ ದಿನದ ಯೋಜನೆ

ವಾರ್ಡಿಗೊಂದು ತುರ್ತು ಆರೋಗ್ಯ ಯೋಜನೆ ತಯಾರಿಸಬೇಕು, ಅದನ್ನು ಸಾರ್ವಜನಿಕರ ಜೊತೆ ಕೂತೇ ತಯಾರಿಸಬೇಕು ಎಂಬ ಸುತ್ತೋಲೆ ಬಂದಾಗ ನಮ್ಮ ಆರೋಗ್ಯ ಕೇಂದ್ರದಲ್ಲಿ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹಿಂದಿನ ಸಲದ ಯೋಜನೆಯನ್ನು ನಾನೇ ಒಂದು ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಬರೆದು ಮುಗಿಸಿದ್ದೆ. ಅದರಲ್ಲಿ ಸಾರ್ವಜನಿಕರ ಪಾಲು ಎಂದರೆ ಕೊನೆಯ ಪುಟಕ್ಕೆ ಅಂಟಿಸಿದ ಒಂದು ಫೋಟೋ. ಈ ಸಲ ಹಾಗೆ ಮಾಡುವುದಿಲ್ಲ ಎಂದು ನಾನು ಹಠ ಹಿಡಿದೆ. ಕೊರೋನಾ ಸಮಯದಲ್ಲಿ ಯಾರೋ ಮೇಜಿನ ಮುಂದೆ ಕೂತು ಮಾಡಿದ ತೀರ್ಮಾನಗಳನ್ನು ಮನೆಮನೆಗೆ ಹೋಗಿ ಹೇಳಿ, ಅವರ ಪರವಾಗಿ ಬೈಗುಳ ತಿಂದವಳು ನಾನು. ಇನ್ನೊಮ್ಮೆ ತಿನ್ನುವ ಆಸೆ ಇರಲಿಲ್ಲ.

ನನ್ನ ಕೇಂದ್ರದ ವ್ಯಾಪ್ತಿಗೆ ಬೆಂಗ್ರೆ ಬರುತ್ತದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳು, ಅದರ ಮೇಲೆ ಮನೆಗಳು. ಫೆರಿಯಲ್ಲಿ ಹೊಳೆ ದಾಟಿದರೆ ಬಂದರು. ಅಲ್ಲಿಂದ ರಿಕ್ಷಾ ಹತ್ತಿದರೆ ಪೇಟೆಯ ನಡುವಿನ ಹಂಪನಕಟ್ಟೆ, ದೊಡ್ಡಾಸ್ಪತ್ರೆ ಎಲ್ಲ ಹತ್ತಿರ. ರಸ್ತೆಯಲ್ಲೇ ಬರಬೇಕೆಂದರೆ ಮಾತ್ರ ಉತ್ತರಕ್ಕೆ ತಣ್ಣೀರುಬಾವಿಯವರೆಗೆ ಹೋಗಿ, ಕೂಳೂರಿನ ಸೇತುವೆ ದಾಟಿ, ಹೆದ್ದಾರಿಯ ಲಾರಿಗಳ ನಡುವೆ ನುಸುಳಿ, ಇಷ್ಟು ಹೊತ್ತೂ ಕಣ್ಣೆದುರಿಗಿದ್ದ ಊರಿಗೆ ಸುತ್ತು ಹಾಕಿ ಬರಬೇಕು. ಬೆಂಗ್ರೆಯಲ್ಲಿ ಯಾರಿಗಾದರೂ ಜೀವಕ್ಕೆ ಅಪಾಯ ಬಂದರೆ ಬೇಗ ಹೊಳೆ ದಾಟಿಸುವುದು ಹೇಗೆ ಎಂಬುದೇ ನಮ್ಮ ಯೋಜನೆಯ ಮುಖ್ಯ ಪ್ರಶ್ನೆಯಾಗಿತ್ತು.

ಸಭೆ ಯಾವಾಗ ಇಡುವುದು ಎಂದು ಅಲ್ಲಿಯ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಮಳೆಗಾಲದ ಮೀನುಗಾರಿಕೆ ರಜೆಯಲ್ಲೇ ಇಡಿ ಮೇಡಂ, ಈಗ ಬೋಟ್‌ಗಳೆಲ್ಲ ದಡದಲ್ಲಿ, ಗಂಡಸರೆಲ್ಲ ಮನೆಯಲ್ಲಿ, ಮತ್ತೆ ಒಬ್ಬರೂ ಸಿಗಲಿಕ್ಕಿಲ್ಲ ಎಂದಳು. ಅದಕ್ಕಿಂತ ಸರಿಯಾದ ಸಲಹೆ ಇಲ್ಲ ಎಂದು ನನಗೂ ಅನ್ನಿಸಿತು. ಭಜನಾ ಮಂದಿರದಲ್ಲಿ ಮೊದಲ ಸಭೆ ಕರೆದೆವು. ಮಸೀದಿಯ ಮೈಕಿನಲ್ಲೂ ಹೇಳಿಸಿದೆವು. ಮಂದಿರ ತುಂಬಿ ಜನ ಹೊರಗೆ ಕೊಡೆ ಹಿಡಿದು ನಿಂತರು. ವಿಪತ್ತು ನಿರ್ವಹಣೆಯ ಕಡೆಯಿಂದ ನನ್ನ ಜೊತೆ ಬಂದಿದ್ದ ಅಧಿಕಾರಿ, ಘಟ್ಟದ ಮೇಲಿನವರು, ಅಷ್ಟು ಜನರನ್ನು ನೋಡಿ ಇದೇನು ಯಾರಾದರೂ ರಾಜಕಾರಣಿ ಬರುತ್ತಾರಾ ಎಂದು ನನ್ನ ಕಿವಿಯಲ್ಲಿ ಕೇಳಿದರು.

ಪವರ್‌ಪಾಯಿಂಟ್ ಬೇಡವೆಂದು ನೆಲದ ಮೇಲೆ ಸೀಮೆಸುಣ್ಣದಿಂದ ಊರಿನ ನಕ್ಷೆ ಬರೆಸಿದೆ. ಕುಡಿಯುವ ನೀರಿನ ಬಾವಿ ಎಲ್ಲಿ, ಕಡಲು ಉಕ್ಕಿದರೆ ಮೊದಲು ನೀರು ನುಗ್ಗುವ ಓಣಿ ಯಾವುದು, ಬಸುರಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹಾಸಿಗೆ ಹಿಡಿದವರು ಯಾವ ಮನೆಯಲ್ಲಿ, ಎಲ್ಲವನ್ನೂ ಅವರೇ ಗುರುತಿಸಿದರು. ನೀರು ನುಗ್ಗುವ ಜಾಗದ ಬಗ್ಗೆ ಎರಡು ಓಣಿಯವರ ನಡುವೆ ಜಗಳವೇ ಆಯಿತು. ಪ್ರತಿಯೊಬ್ಬರಿಗೂ ತಮ್ಮ ಓಣಿಗೇ ಮೊದಲು ನುಗ್ಗುವುದು ಎಂಬ ಹೆಮ್ಮೆ. ಮೂಲೆಯಲ್ಲಿ ನಾಲ್ಕೈದು ಗಂಡಸರು ಬಲೆಯ ತೂತು ಹೊಲಿಯುತ್ತಲೇ ಮಾತಿಗೆ ಮಾತು ಸೇರಿಸುತ್ತಿದ್ದರು. ಬಹಳ ವರ್ಷಗಳ ನಂತರ ನನಗೆ ನನ್ನ ಕೆಲಸದ ಮೇಲೆ ಪ್ರೀತಿ ಬಂತು.

ಆ ಗಂಡಸರಲ್ಲಿ ಒಬ್ಬರು ತಂಡೇಲ. ಬೋಟ್ ನಡೆಸುವ, ಮೀನು ಎಲ್ಲಿದೆ ಎಂದು ತೀರ್ಮಾನಿಸುವ ಯಜಮಾನನನ್ನು ಇಲ್ಲಿ ಹಾಗೆ ಕರೆಯುತ್ತಾರೆ. ನಲವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ರೋಗಿಗಳನ್ನು ದಾಟಿಸಲು ಹೊಳೆಯ ಬದಿಯಲ್ಲಿ ಕಟ್ಟಿರುವ ಚಿಕ್ಕ ಎಂಜಿನ್ ದೋಣಿಗಳನ್ನೇ ಬಳಸಬಹುದು ಎಂದು ಹೇಳಿದ್ದು ಅವರೇ. ಓಣಿಗೊಂದು ದೋಣಿ, ದೋಣಿಗಿಬ್ಬರು ಗಂಡಸರು ಎಂದು ಅಲ್ಲೇ ಹಂಚಿಕೆಯಾಯಿತು.

ಅವರ ಅಮ್ಮ ಪ್ರತಿ ಸಭೆಗೂ ಎಲ್ಲರಿಗಿಂತ ಮೊದಲು ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದರು. ಮೀನು ಮಾರಿ ಮಕ್ಕಳನ್ನು ಸಾಕಿದವರು. ಈಗ ಹೃದಯದ ತೊಂದರೆಯಿಂದ ಬುಟ್ಟಿ ಇಳಿಸಿದ್ದರು, ನಾಲಿಗೆಯನ್ನಲ್ಲ. ನಾನು ವಾಮಂಜೂರು ಕಡೆಯ ಅರ್ಚಕರ ಮನೆಯವಳು ಎಂದು ಹೇಗೋ ಪತ್ತೆ ಹಚ್ಚಿದ್ದರು. "ಮೀನಿನಲ್ಲಿ ಬೂತಾಯಿ ಯಾವುದು ಅಂತ ಗೊತ್ತಿಲ್ಲದ ಡಾಕ್ಟ್ರಮ್ಮ ನಮ್ಮ ಊರಿಗೆ ಎಂತ ಪ್ಲಾನ್ ಮಾಡುವುದು ಮಾರಾಯ್ರೆ," ಎಂದು ಸಭೆಯಲ್ಲೇ ನಗೆಯೆಬ್ಬಿಸಿದರು. ಅಣಕು ಕಾರ್ಯಾಚರಣೆಯ ದಿನ ರೋಗಿಯ ಪಾತ್ರಕ್ಕೆ ಯಾರೂ ಒಪ್ಪದಿದ್ದಾಗ ಮುಂದೆ ಬಂದದ್ದು ಅವರೇ. ಸ್ಟ್ರೆಚರ್ ಮೇಲೆ ಮಲಗಿ, ಮಗನ ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಕಾದಿದ್ದ ಆಂಬುಲೆನ್ಸ್ ಹತ್ತುವವರೆಗೂ ಬಾಯಿ ಮುಚ್ಚಿ ನಗು ತಡೆಯುತ್ತಿದ್ದರು. ಅಧಿಕಾರಿಗೆ ಬಹಳ ಖುಷಿಯಾಗಿ, ಇದನ್ನು ಮಾದರಿ ಎಂದು ಮೇಲೆ ಕಳಿಸೋಣ ಎಂದರು.

ಕೊನೆಯ ಸಭೆಯಲ್ಲಿ ನಾನು ಆ ಪ್ರಶ್ನೆ ಕೇಳಿದೆ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದೇ ಅದು: ಯೋಜನೆ ಮುಗಿಸುವ ಮುಂಚೆ ಅದು ಕೈಕೊಡುವ ದಿನವನ್ನು ಜನರ ಬಾಯಿಂದಲೇ ಹೇಳಿಸಬೇಕು. ಬೋಟ್‌ಗಳು ಇಲ್ಲದ ದಿನ, ನೀವು ಯಾರೂ ಇಲ್ಲದ ದಿನ ಏನು ಮಾಡುವುದು ಎಂದು ಕೇಳಿದೆ.

ಬಲೆ ಹೊಲಿಯುತ್ತಿದ್ದವರ ಕೈ ನಿಂತಿತು. ಹೆಂಗಸರ ಕಡೆಯಿಂದ ಯಾರೋ ಲೊಚಗುಟ್ಟಿದರು. ಊರಿನ ಹಿರಿಯ, ಪೂಜೆಗೂ ಪಂಚಾಯ್ತಿಗೂ ಅವರ ಮಾತೇ ಕೊನೆಯೆಂದು ಒಪ್ಪಿಕೊಂಡಿರುವ ಗುರಿಕಾರರು, ಎಪ್ಪತ್ತು ದಾಟಿದವರು, ನಿಧಾನವಾಗಿ ಎದ್ದು ನಿಂತರು.

"ಡಾಕ್ಟ್ರೇ, ಆ ಮಾತು ಈಗ ಬೇಡ," ಎಂದರು. "ಸಮುದ್ರ ಪೂಜೆ ಆಗ್ಲಿ. ಬೋಟ್ ನೀರಿಗೆ ಇಳಿಯುವ ಮೊದಲು ನಾವು ಇಲ್ಲದ ಮಾತು ಇಲ್ಲಿ ಯಾರೂ ಆಡುವುದಿಲ್ಲ. ಪೂಜೆ ಆದ್ಮೇಲೆ ಕೂತು ಮಾತಾಡುವ."

ಅಧಿಕಾರಿಗೆ ಇದು ಅರ್ಥವಾಗಲಿಲ್ಲ. ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವುದಿಲ್ಲ, ತುಂಬಿತು ಎನ್ನುತ್ತೇವೆ. ಹೊರಗೆ ಹೊರಟವರು ಹೋಗುತ್ತೇನೆ ಎಂದರೆ ಅಮ್ಮ ಈಗಲೂ ಬಾಗಿಲಲ್ಲಿ ನಿಲ್ಲಿಸಿ ಹೋಗಿ ಬರುತ್ತೇನೆ ಎಂದು ಹೇಳಿಸಿಯೇ ಕಳಿಸುತ್ತಾರೆ. ಎಂಬಿಬಿಎಸ್ ಓದಿದ ಮೇಲೂ ನಾನು ಆಸ್ಪತ್ರೆಗೆ ಹೊರಡುವಾಗ ಹಾಗೆಯೇ ಹೇಳಿ ಹೊರಟವಳು. ಕಡಲಿಗೆ ಹೋಗುವವರ ಮುಂದೆ ಅವರಿಲ್ಲದ ದಿನದ ಲೆಕ್ಕ ಹಾಕಿದ್ದಕ್ಕೆ ನನಗೇ ನಾಚಿಕೆಯಾಯಿತು. ಜನರ ಮಾತಿಗೆ ಬೆಲೆ ಕೊಡುತ್ತೇನೆ ಎಂದು ಕರೆದು ಕೂರಿಸಿ, ಅವರು ಬೇಡ ಎಂದದ್ದನ್ನು ಒತ್ತಾಯಿಸಿ ಆಡಿಸುವುದು ಹೇಗೆ? ಆಗಲಿ ಎಂದೆ. ಅಧಿಕಾರಿ ಪರ್ಯಾಯ ವ್ಯವಸ್ಥೆ ಎಂಬಲ್ಲಿ ರಸ್ತೆಯ ಮೂಲಕ ಆಂಬುಲೆನ್ಸ್ ಎಂದು ಬರೆದು ಮುಗಿಸಿದರು. ಹೊರಗೆ ಬಂದಾಗ ಗುರಿಕಾರರು ನನಗೆ ಕೈ ಮುಗಿದು, ನಿಮಗೆ ನಮ್ಮದು ಗೊತ್ತಾಗ್ತದೆ ಎಂದರು. ಆ ದಿನ ಅದು ನನಗೆ ದೊಡ್ಡ ಬಿರುದಿನಂತೆ ಕೇಳಿಸಿತು.

ನೂಲಹುಣ್ಣಿಮೆಗೆ ಸಮುದ್ರ ಪೂಜೆ ನಡೆಯಿತು. ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಪ್ರಸಾದ ಹಂಚಿದರು. ಅದಾಗಿ ವಾರದೊಳಗೆ ಸಭೆ ಎಂದು ನಿಶ್ಚಯಿಸಿಕೊಂಡಿದ್ದೆವು. ಆದರೆ ಪೂಜೆಯ ಮರುದಿನವೇ ಗಾಳಿ ತಗ್ಗಿ ಕಡಲು ಶಾಂತವಾಯಿತು, ಬೋಟ್‌ಗಳೆಲ್ಲ ಹೊರಟುಹೋದವು. ಚಿಕ್ಕ ದೋಣಿ ನಡೆಸುತ್ತಿದ್ದವರೂ ದೊಡ್ಡ ಬೋಟ್‌ಗಳಿಗೆ ಆಳಾಗಿ ಹೋದರು. ದೋಣಿಯ ಎಂಜಿನ್‌ಗಳನ್ನು ಬಿಚ್ಚಿ ಶೆಡ್ಡಿನಲ್ಲಿಟ್ಟು ಬೀಗ ಹಾಕಿದರು. ನಾನು ಸಭೆ ಬಿಡಲಿಲ್ಲ. ಹೆಂಗಸರು, ಮುದುಕರು ಬಂದರು. ಪ್ರಶ್ನೆಯನ್ನು ಸುತ್ತಿ ಬಳಸಿ ಮುಂದಿಟ್ಟೆ. ಆಶಾ ಕಾರ್ಯಕರ್ತೆಯೇ ತಲೆ ತಗ್ಗಿಸಿದಳು. ಅವಳ ಗಂಡನೂ ಬೋಟ್‌ನಲ್ಲಿದ್ದ. ಅವರು ಕಡಲಿನಲ್ಲಿರುವಾಗ ಮನೆಯಲ್ಲಿ ಕೂತು ಅವರಿಲ್ಲದ ಮಾತು ಆಡಬಾರದು ಮೇಡಂ, ಬರಲಿ, ಮತ್ತೆ ಮಾತಾಡುವ ಎಂದಳು. ಪೂಜೆಗೆ ಮೊದಲು ಆಡಬಾರದು, ಪೂಜೆಯ ನಂತರವೂ ಆಡಬಾರದು. ಹಾಗಾದರೆ ಆ ಮಾತಿಗೆ ಊರಿನಲ್ಲಿ ಹೊತ್ತೇ ಇರಲಿಲ್ಲ ಎಂದು ಆಗ ನನಗೆ ಹೊಳೆಯಿತು. ಹೊಳೆದು ಏನು ಬಂತು, ನಾನು ಲಸಿಕೆ ಅಭಿಯಾನದ ಗಡಿಬಿಡಿಯಲ್ಲಿ ಮುಳುಗಿದೆ.

ಆಮೇಲೆ ಕೆಲವು ವಾರಗಳಿಗೆ ಮಳೆ ಮತ್ತೆ ಜೋರಾಯಿತು. ಕಡಲು ಉಕ್ಕಿ ಎರಡು ಓಣಿಗಳಿಗೆ ನೀರು ನುಗ್ಗಿತು, ಕಕ್ಕಸಿನ ಗುಂಡಿಗಳು ತುಂಬಿದವು, ಬಾವಿಗಳ ನೀರು ಕೆಟ್ಟಿತು. ವಾಂತಿ ಭೇದಿ ಶುರುವಾಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು: ಯೋಜನೆಯ ಉಳಿದೆಲ್ಲ ಭಾಗ ಚೆನ್ನಾಗಿ ನಡೆಯಿತು. ನಾನು ತಲುಪುವ ಮುಂಚೆಯೇ ಮಂದಿರದಲ್ಲಿ ಓಆರ್‌ಎಸ್ ಕಲಸಿ ಇಟ್ಟಿದ್ದರು. ಮಸೀದಿಯ ಮೈಕಿನಲ್ಲಿ ನೀರು ಕುದಿಸಿ ಕುಡಿಯಿರಿ ಎಂಬ ಕೂಗು ಕೇಳುತ್ತಿತ್ತು. ನೆಲದ ಮೇಲೆ ನಕ್ಷೆ ಬರೆದಿದ್ದ ಹೆಂಗಸರೇ ಬ್ಲೀಚಿಂಗ್ ಪುಡಿಯನ್ನು ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರು ಮಾತ್ರ ಬಗ್ಗಿಸಿ ಬಾವಿಗೆ ಇಳಿಸುತ್ತಿದ್ದರು. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷೆಯ ಹನಿ ಹಾಕಿ ನೋಡಿದರೆ ನೀರು ಸರಿಯಾಗಿ ಹಳದಿಯಾಗುತ್ತಿತ್ತು. ಯಾವ ಮನೆಯಲ್ಲಿ ಯಾರಿಗೆ ಎಷ್ಟು ಸಲ ಹೋಯಿತು ಎಂದು ಓಣಿಯವರೇ ಬಂದು ಹೇಳುತ್ತಿದ್ದರು.

ಎರಡನೆಯ ದಿನ ಬೆಳಿಗ್ಗೆ ತಂಡೇಲರ ಅಮ್ಮನನ್ನು ನೋಡಿದೆ. ಹಿಂದಿನ ದಿನವಿಡೀ ಪಕ್ಕದ ಮನೆಯ ಮಕ್ಕಳಿಗೆ ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಿದ್ದವರು ತಮಗೂ ಶುರುವಾದದ್ದನ್ನು ಯಾರಿಗೂ ಹೇಳಿರಲಿಲ್ಲ. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೇ ನಿಲ್ಲುತ್ತಿತ್ತು, ರಾತ್ರಿಯಿಂದ ಮೂತ್ರ ಹೋಗಿರಲಿಲ್ಲ. ರಕ್ತದೊತ್ತಡ ಇಳಿಯುತ್ತಿತ್ತು. ಡ್ರಿಪ್ ಹಾಕಿದೆ. ಬೇರೆಯವರಿಗಾದರೆ ಎರಡು ಬಾಟಲಿ ಸರಸರನೆ ಬಿಟ್ಟುಬಿಡುತ್ತಿದ್ದೆ. ಅವರ ದುರ್ಬಲ ಹೃದಯಕ್ಕೆ ಹಾಗೆ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ನಿಧಾನವಾಗಿ ಬಿಟ್ಟರೆ ಮೂತ್ರಪಿಂಡ ಕೈಕೊಡುತ್ತದೆ. ಅದನ್ನು ಅಳೆದು ತೂಗಿ ಮಾಡಲು ಆಸ್ಪತ್ರೆಯೇ ಬೇಕಿತ್ತು, ಅದೂ ಬೇಗ.

ಫೆರಿ ನಿಲ್ಲಿಸಿದ್ದರು. ಹೊಳೆ ಕೆಂಪಾಗಿ, ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿತ್ತು. ಅಂಥ ನೀರಿನಲ್ಲಿ ಜನ ತುಂಬಿದ ಫೆರಿ ಬಿಡದಿರುವುದು ಸರಿಯೇ. ಕಂಟ್ರೋಲ್ ರೂಮಿಗೆ ಫೋನ್ ಮಾಡಿದರೆ ರಕ್ಷಣಾ ದೋಣಿ ಮೇಲಿನ ಊರುಗಳ ನೆರೆಗೆ ಹೋಗಿದೆ ಎಂದರು. ನಮ್ಮ ಚಿಕ್ಕ ದೋಣಿಗಳು ದಡದಲ್ಲಿ ಸಾಲಾಗಿ ಇದ್ದವು. ನಡೆಸುವವರು ಉತ್ತರದ ಯಾವುದೋ ಬಂದರಿನಲ್ಲಿ ಗಾಳಿಗೆ ಹೆದರಿ ಬೋಟ್ ಕಟ್ಟಿ ಕೂತಿದ್ದರು. ಆಂಬುಲೆನ್ಸ್‌ಗೆ ಹೇಳಿದೆ, ಹೊರಟಿದೆ ಎಂದರು.

ಆಂಬುಲೆನ್ಸ್ ಬಂದದ್ದೇ ತಡವಾಗಿ. ಸ್ಟ್ರೆಚರ್ ಮೇಲೆ ಅಮ್ಮನನ್ನು ಹೊರಗೆ ತರುವಾಗ ಗುರಿಕಾರರು ದಡದ ಕಡೆಯಿಂದ ಓಡೋಡಿ ಬಂದರು. ಶೆಡ್ಡಿನ ಬೀಗ ಒಡೆಸಿ ಎಂಜಿನ್ ಹೊರಗೆ ತೆಗೆಸಿದ್ದರು, ಇಬ್ಬರು ಮುದುಕರು ಅದನ್ನು ದೋಣಿಗೆ ಜೋಡಿಸುತ್ತಿದ್ದರು.

"ನಾನು ದಾಟಿಸ್ತೇನೆ ಡಾಕ್ಟ್ರೇ. ಈ ಹೊಳೆ ನನಗೆ ಗೊತ್ತುಂಟು. ರಸ್ತೆಯಲ್ಲಿ ಬೇಡ."

ನಾನು ಹೊಳೆ ನೋಡಿದೆ. ಅವರ ಕೈ ನೋಡಿದೆ. ಅದು ನಡುಗುತ್ತಿತ್ತು. ಅವರಿಗೆ ವರ್ಷಗಳಿಂದ ನಡುಕದ ಮಾತ್ರೆ ಕೊಡುತ್ತಿದ್ದವಳು ನಾನೇ. ಡ್ರಿಪ್ ಹಾಕಿದ ರೋಗಿ, ಆಶಾ ಕಾರ್ಯಕರ್ತೆ, ನಾನು, ಮೂವರು ಮುದುಕರು. ನಡುನೀರಿನಲ್ಲಿ ಒಂದು ದಿಮ್ಮಿ ತಾಗಿದರೆ ಒಬ್ಬರ ಬದಲು ಆರು ಜನ. ಬೇಡ ಎಂದೆ. ಅವರು ಮತ್ತೆ ಕೇಳಿದರು. ಈ ಸಲ ಸ್ವಲ್ಪ ಜೋರಾಗಿಯೇ ಬೇಡ ಎಂದೆ. ಅವರು ಸ್ಟ್ರೆಚರ್‌ನ ಕಂಬಿ ಹಿಡಿದಿದ್ದ ಕೈ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.

ಕೂಳೂರಿನ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಗುಂಡಿಗೆ ಬಿದ್ದು ಅಡ್ಡ ನಿಂತಿತ್ತು. ಸೈರನ್ ಕೂಗುತ್ತಲೇ ಇತ್ತು, ಮುಂದೆ ಹೋಗಲು ಜಾಗ ಇರಲಿಲ್ಲ. ನಾನು ಒಂದು ಕೈಯಲ್ಲಿ ಡ್ರಿಪ್‌ನ ವೇಗ ಹೊಂದಿಸುವ ಗಾಲಿ, ಇನ್ನೊಂದರಲ್ಲಿ ಅವರ ನಾಡಿ ಹಿಡಿದು ಕೂತಿದ್ದೆ. ಅವರಿಗೆ ಎಚ್ಚರವಿತ್ತು. ಒಮ್ಮೆ ಕಣ್ಣು ತೆರೆದು ಸುತ್ತ ನೋಡಿದರು.

"ದೋಣಿಯಲ್ಲಿ ಅಲ್ವಾ ನನ್ನನ್ನು ಕೊಂಡೋಗುವುದು?" ಎಂದು ಕೇಳಿದರು. "ಅವ ಎಲ್ಲಿ?"

ಮಗ ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಬರುತ್ತಿದ್ದಾನೆ ಅಮ್ಮ ಎಂದೆ. ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು.

ಆಸ್ಪತ್ರೆ ತಲುಪಿದಾಗ ನಾಡಿ ದಾರದಷ್ಟು ತೆಳ್ಳಗಾಗಿತ್ತು. ಅಲ್ಲಿಯ ವೈದ್ಯರು ಮಾಡಬೇಕಾದುದನ್ನೆಲ್ಲ ಮಾಡಿದರು. ಮೂತ್ರಪಿಂಡಗಳು ಮತ್ತೆ ಏಳಲಿಲ್ಲ. ಮರುದಿನ ಅವರು ತೀರಿಹೋದರು. ತುರ್ತು ವಿಭಾಗದಲ್ಲಿದ್ದ ವೈದ್ಯೆ, ನನಗಿಂತ ಕಿರಿಯಳು, ಸ್ವಲ್ಪ ಬೇಗ ಬಂದಿದ್ದರೆ ಎಂದು ಶುರುಮಾಡಿ ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. ಆ ಓಣಿಗಳಲ್ಲಿ ಕಾಯಿಲೆ ಬಿದ್ದ ಉಳಿದವರೆಲ್ಲ ಗುಣವಾದರು. ಮೇಲಿನ ಕಚೇರಿಯಲ್ಲಿ ಅದನ್ನು ಯಶಸ್ಸು ಎಂದೇ ಬರೆದುಕೊಂಡರು, ನನಗೆ ಅಭಿನಂದನೆಯ ಪತ್ರವೂ ಬಂತು. ಅದನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ತಂಡೇಲರು ಬೋಟ್ ಅಲ್ಲೇ ಬಿಟ್ಟು ಬಸ್ಸು ಹಿಡಿದು ಬಂದರು. ನಾನು ಮನೆಗೆ ಹೋದಾಗ ಚಾಪೆ ಹಾಸಿ ಕೂರಿಸಿದರು, ಅಮ್ಮ ಏನಾದರೂ ಹೇಳಿದರಾ ಎಂದು ಕೇಳಿದರು. ಆಂಬುಲೆನ್ಸ್‌ನಲ್ಲಿ ಅವರು ಕೇಳಿದ್ದು, ನಾನು ಹೇಳಿದ್ದು, ಎರಡನ್ನೂ ಹೇಳಿದೆ. ನಾನು ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ಚಹಾ ಕೊಟ್ಟು ಕಳಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಉತ್ತರಕ್ರಿಯೆ ಮುಗಿದ ಮೇಲೆ ಗುರಿಕಾರರೇ ಸಭೆ ಕರೆದರು. ಬೋಟ್‌ಗಳನ್ನು ಎರಡು ದಿನ ಬಂದರಿನಲ್ಲಿ ನಿಲ್ಲಿಸಿ ಎಲ್ಲರನ್ನೂ ಕರೆಸಿದ್ದರು. ಸೀಸನ್ ನಡುವೆ ಹಾಗೆ ನಿಲ್ಲಿಸುವುದು ಎಂದರೇನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರು ಎದ್ದು ನಿಂತು, ಪೂಜೆಗೆ ಮೊದಲು ಡಾಕ್ಟರು ಕೇಳಿದ್ದನ್ನು ಬೇಡ ಎಂದವನು ನಾನು, ಈಗ ನಾನೇ ಕೇಳುತ್ತೇನೆ ಎಂದರು. ಆಮೇಲೆ ಆ ಪ್ರಶ್ನೆಯನ್ನು ತುಳುವಿನಲ್ಲಿ, ಒಂದೊಂದೇ ಪದವಾಗಿ, ಎಲ್ಲರ ಮುಖ ನೋಡುತ್ತ ಕೇಳಿದರು. ಕೆಲವು ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಉತ್ತರ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ: ಪ್ರತಿ ಸಲ ಬೋಟ್‌ಗಳು ಹೊರಡುವಾಗ ಹೊಳೆ ಬಲ್ಲ ಇಬ್ಬರು ಸರದಿಯಲ್ಲಿ ದಡದಲ್ಲಿ ಉಳಿಯಬೇಕು, ಮೀನಿನಲ್ಲಿ ಅವರ ಪಾಲು ಅವರಿಗೆ ಬರಬೇಕು, ಒಂದು ದೋಣಿಯ ಎಂಜಿನ್ ಯಾವಾಗಲೂ ಜೋಡಿಸಿರಬೇಕು. ಇಷ್ಟೇ. ಮಳೆಗಾಲದ ಆ ಸಂಜೆ ಚಹಾ ಆರುವುದರೊಳಗೆ ಮುಗಿಯುತ್ತಿದ್ದ ಮಾತು.

ಮೊದಲ ಸರದಿ ಯಾರದ್ದು ಎಂದಾಗ ತಂಡೇಲರು ಕೈಯೆತ್ತಿದರು. ಸರದಿ ಬೇಡ, ಈ ಸೀಸನ್ ಪೂರ್ತಿ ನಾನೇ ಇರುತ್ತೇನೆ, ಜೊತೆಗೆ ಇನ್ನೊಬ್ಬರು ಬದಲಾಗುತ್ತ ಬರಲಿ ಎಂದರು. ಅವರ ಬೋಟ್‌ನ ಆಳುಗಳು ತಬ್ಬಿಬ್ಬಾದರು. ಮೀನಿರುವ ಜಾಗ ಅವರಷ್ಟು ಬಲ್ಲವರು ಇಲ್ಲ. ಗುರಿಕಾರರೂ ಬೇಡ ಎಂದರು. ತಂಡೇಲರು ವಾದಿಸಲಿಲ್ಲ, ಒಪ್ಪಲೂ ಇಲ್ಲ.

ಕಳೆದ ತಿಂಗಳು ಹಿಂಗಾರು ಮಳೆ ಜೋರಾಗಿ ಹೊಳೆ ಮತ್ತೆ ಕೆಂಪಾಗಿ ಏರಿತು. ಫೆರಿ ನಿಲ್ಲಿಸಿದ್ದರು. ನಾನು ತಣ್ಣೀರುಬಾವಿ ರಸ್ತೆಯಲ್ಲಿ ಸುತ್ತಿ ಬೆಂಗ್ರೆಗೆ ಹೋಗಿ, ಬಾವಿಗಳನ್ನೆಲ್ಲ ನೋಡಿ ಮುಗಿಸಿ ದಡಕ್ಕೆ ಬಂದೆ. ಆ ದಿನ ಯಾರಿಗೂ ಕಾಯಿಲೆ ಇರಲಿಲ್ಲ. ತಂಡೇಲರು ದೋಣಿಯ ಪಕ್ಕದಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು. ನನ್ನನ್ನು ಕಂಡು, ಅವತ್ತೂ ಇಷ್ಟೇ ಇತ್ತಾ ನೀರು ಎಂದು ಕೇಳಿದರು. ಹೆಚ್ಚುಕಡಿಮೆ ಇಷ್ಟೇ ಎಂದೆ. ಅವರು ದೋಣಿ ನೀರಿಗೆ ತಳ್ಳಿ, ಎಂಜಿನ್ ಎಳೆದು, ಒಬ್ಬರೇ ಹೊರಟರು. ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ ಎಂದುಕೊಳ್ಳುತ್ತೇನೆ. ದೋಣಿಯನ್ನು ನೇರ ಬಿಡದೆ ಮೊದಲು ದಡದ ಬದಿಯಲ್ಲೇ ಮೇಲಕ್ಕೆ ಬಹಳ ದೂರ ಒಯ್ದರು, ಅಲ್ಲಿಂದ ಪ್ರವಾಹಕ್ಕೆ ಓರೆಯಾಗಿ ತಿರುಗಿಸಿದರು. ದಿಮ್ಮಿಯೊಂದು ಬಂದಾಗ ಎಂಜಿನ್ ತಗ್ಗಿಸಿ ಅದನ್ನು ಮುಂದೆ ಬಿಟ್ಟುಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಆಚೆ ಬಂದರಿನ ಮೆಟ್ಟಿಲಿನ ಹತ್ತಿರ ದೋಣಿ ನಿಂತದ್ದು ಕಂಡಿತು. ಅಲ್ಲಿ ಇಳಿಯಲಿಲ್ಲ, ಹಾಗೆಯೇ ತಿರುಗಿಸಿ ವಾಪಸು ಬಂದರು.

ದೋಣಿ ಕಟ್ಟಿ, ಅಂಗಿಯ ಅಂಚಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದು ನಿಂತರು.

"ಅವತ್ತೂ ದಾಟ್ಲಿಕ್ಕೆ ಆಗ್ತಿತ್ತು ಡಾಕ್ಟ್ರೇ," ಎಂದರು.

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಹೌದು ಎಂದೆ.